ಕಸಿ ಕಿಡ್ನಿ: ಮೂರನೇ ತಿಂಗಳಲ್ಲೇ ಸಿಗುವ ಸುಳಿವು

ಕಿಡ್ನಿ ಕಸಿ ಮಾಡಿಸಿಕೊಂಡ ನಮ್ಮವರನ್ನು ಕಂಡಾಗ ಎಲ್ಲರೂ ಕೇಳುವುದು ಒಂದೇ: "ಕ್ರಿಯಾಟಿನಿನ್ ಎಷ್ಟು ಬಂತು?" ಸಂಖ್ಯೆ ಚೆನ್ನಾಗಿದ್ದರೆ ಮನೆಮಂದಿಗೆಲ್ಲ ನಿರಾಳ. ಆದರೆ ಈ ಸಂಖ್ಯೆ ಸುದ್ದಿ ಹೇಳುವುದು ತಡವಾಗಿ. ಕಿಡ್ನಿಯೊಳಗೆ ಉರಿಯೂತ ಶುರುವಾಗಿ ಅಲ್ಲಲ್ಲಿ ಕಲೆಗಟ್ಟಿದರೂ, ಉಳಿದ ಭಾಗ ಹೆಚ್ಚು ದುಡಿದು ರಕ್ತವನ್ನು ಶುದ್ಧವಾಗಿಯೇ ಇಡುತ್ತದೆ. ಕಲೆಗಟ್ಟಿದ ಭಾಗವಂತೂ ಮತ್ತೆ ಸರಿಹೋಗುವುದಿಲ್ಲ.

ಒಳಗಿನ ಸಂಗತಿ ಮೊದಲೇ ತಿಳಿಯಲು ಇರುವ ದಾರಿ ಬಯಾಪ್ಸಿ. ಕಿಬ್ಬೊಟ್ಟೆಯಲ್ಲಿ ಕೂಡಿಸಿದ ಕಿಡ್ನಿಯಿಂದ ದಾರದೆಳೆಯಷ್ಟು ಅಂಗಾಂಶವನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಬಿಳಿರಕ್ತಕಣಗಳು ಎಷ್ಟು ನುಗ್ಗಿವೆ, ನಾರುಗಟ್ಟಿದ್ದೆಷ್ಟು ಎಂಬುದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. 1991ರಲ್ಲಿ ಕೆನಡಾದ ಬ್ಯಾಂಫ್ ಊರಿನಲ್ಲಿ ತಜ್ಞರು ಸೇರಿ ಆರಂಭಿಸಿದ ಪದ್ಧತಿ ಇದು. ವರದಿಯಲ್ಲಿ 'ಬ್ಯಾಂಫ್' ಎಂದಿರುವುದು ಅದಕ್ಕೇ. ಸಣ್ಣ ರಕ್ತನಾಳಗಳಲ್ಲಿ 'ಸಿ4ಡಿ' ಕಂಡರೆ ಪ್ರತಿಕಾಯಗಳು ದಾಳಿ ಮಾಡುತ್ತಿರುವ ಸುಳಿವು.

2016ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಸಿಯಾದ ಮೂರನೇ ತಿಂಗಳ ಬಯಾಪ್ಸಿಯಲ್ಲಿ 13 ಜೀನ್‌ಗಳ ಚಟುವಟಿಕೆ ಅಳೆದು, ವರ್ಷ ತುಂಬುವಾಗ ಯಾರ ಕಿಡ್ನಿ ನಾರುಗಟ್ಟೀತು ಎಂಬುದನ್ನು ಅಂದಾಜಿಸಿದರು. ಸೂಕ್ಷ್ಮದರ್ಶಕದಲ್ಲಿ ಕಂಡದ್ದಕ್ಕಿಂತ ಆ ಅಂದಾಜು ಹೆಚ್ಚು ಸರಿಯಾಗಿತ್ತು. ಹಾಗೆಂದು ಇದೇನೂ ಜಾತಕವಲ್ಲ. ಅಪಾಯ ಹೆಚ್ಚೆಂದು ಗೊತ್ತಾದರೆ ಔಷಧ ಬದಲಿಸಲು ವೈದ್ಯರಿಗೆ ಸಮಯ ಸಿಗುತ್ತದೆ, ಅಷ್ಟೆ.

ಆ ಜೀನ್ ಪರೀಕ್ಷೆ ನಮ್ಮ ಕಡೆ ಇನ್ನೂ ವಾಡಿಕೆಗೆ ಬಂದಿಲ್ಲ. ಎಲ್ಲ ಚೆನ್ನಾಗಿರುವಾಗಲೂ ಬಯಾಪ್ಸಿ ಮಾಡುವ ಕ್ರಮ ಕೆಲವು ಆಸ್ಪತ್ರೆಗಳಲ್ಲಿದೆ, ಕೆಲವದರಲ್ಲಿಲ್ಲ. ರಕ್ತಸ್ರಾವದ ಸಣ್ಣ ಅಪಾಯವೂ ಉಂಟು. ಹಿಂಜರಿಕೆ ಸಹಜವೇ, ಆದರೂ ವೈದ್ಯರ ಬಳಿ ಮಾತಾಡದೆ ಬೇಡವೆನ್ನಬೇಡಿ.

ಉರಿಯೂತಕ್ಕೆ ದೊಡ್ಡ ಕಾರಣ ರಕ್ತದಲ್ಲಿ ಟ್ಯಾಕ್ರೋಲಿಮಸ್ ಕಡಿಮೆಯಾಗುವುದು. ಅದನ್ನು ಅಳೆಯಲು ಬೆಳಗಿನ ಮಾತ್ರೆಗೆ ಮೊದಲೇ ರಕ್ತ ಕೊಡಬೇಕು. ತಾಳವಾಡಿ, ಚಾಮರಾಜನಗರದ ಕಡೆಯಿಂದ ನಸುಕಿನಲ್ಲೇ ಬಸ್ಸು ಹತ್ತುವವರು ದಾರಿಯಲ್ಲಿ ತಿಂಡಿಯ ಜೊತೆ ಮಾತ್ರೆಯನ್ನೂ ನುಂಗಿಬಿಟ್ಟರೆ ಅಳತೆ ಹೆಚ್ಚಾಗಿ ಕಾಣುತ್ತದೆ. ಅದನ್ನು ನಂಬಿ ಔಷಧ ಇಳಿಸುವ ಸಂಭವವೂ ಇದೆ. ಆ ದಿನ ಮಾತ್ರೆ ಚೀಲದಲ್ಲಿರಲಿ. ಗಾಂಧಿಪುರಂನಲ್ಲಿ ಇಳಿದು, ಆಸ್ಪತ್ರೆಯಲ್ಲಿ ರಕ್ತ ಕೊಟ್ಟ ಕೂಡಲೇ ನುಂಗಿ.