ಜೋಳದ ಹೊಲದ ಬಿಳಿಯ ಹೂವು

ಮುಂಬಯಿಯ ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿಯು ಇಂದಿಗೂ ತನ್ನ ಸ್ಥಾನವನ್ನು ಉಳಿಸಿಕೊಂಡಿದೆ. ರೊಟ್ಟಿಯ ಗುಣಗಳನ್ನು ನಾವು ಆಗಾಗ ಕೊಂಡಾಡುತ್ತೇವೆ. ಆದರೆ ಆ ಜೋಳವನ್ನು ಬೆಳೆಯುವ ಹೊಲದ ಆರೋಗ್ಯವನ್ನು ವಿಚಾರಿಸುವುದು ಅಪರೂಪ. ಹಾಗೆ ವಿಚಾರಿಸದೆ ಉಳಿದವರಲ್ಲಿ ನಾನೂ ಒಬ್ಬನು.

ಎರಡು ವರ್ಷಗಳ ಹಿಂದೆ ಗಣೇಶ ಚೌತಿಗೆಂದು ಧಾರವಾಡ ಸೀಮೆಯ ನಮ್ಮೂರಿಗೆ ಹೋಗಿದ್ದೆನು. ತಂದೆಯವರು ತೀರಿಕೊಂಡ ಮೇಲೆ ನಾಲ್ಕು ಎಕರೆ ಹೊಲವನ್ನು ಬಂಧುವೊಬ್ಬರು ಪಾಲಿಗೆ ಮಾಡುತ್ತಿದ್ದಾರೆ. ಮಳೆಯಾಗಿ ಮಣ್ಣು ಹಸಿಯಾಗಿದ್ದರೂ ಮುಂಗಾರಿ ಜೋಳವು ನೀರು ಕಾಣದಂತೆ ಬಾಡಿ ನಿಂತಿತ್ತು. ದಂಟುಗಳ ಬುಡದಲ್ಲಿ ಗೇಣುದ್ದದ ಗಿಡಗಳು. ಅವುಗಳ ತುಂಬ ಪುಟ್ಟ ಬಿಳಿಯ ಹೂವುಗಳು. ನೋಡಲು ಅಂದವಾಗಿದ್ದ ಆ ಗಿಡವೇ ಸ್ಟ್ರೈಗಾ ಎಂಬ ಪರಾವಲಂಬಿ ಕಳೆ.

ಇತರ ಕಳೆಗಳು ಬೆಳೆಯೊಡನೆ ಸ್ಪರ್ಧಿಸಿದರೆ, ಇದು ಜೋಳದ ಬೇರಿಗೇ ಅಂಟಿಕೊಂಡು ನೀರನ್ನೂ ಸಾರವನ್ನೂ ಹೀರುತ್ತದೆ. ಹಲವು ವಾರಗಳ ಕಾಲ ಮಣ್ಣಿನೊಳಗೇ ಬೆಳೆಯುವುದರಿಂದ, ಅದು ಕಣ್ಣಿಗೆ ಬೀಳುವ ವೇಳೆಗೆ ಹಾನಿಯು ಬಹುಮಟ್ಟಿಗೆ ಸಂಭವಿಸಿರುತ್ತದೆ. ಒಂದೇ ಗಿಡವು ಧೂಳಿನಷ್ಟು ಸಣ್ಣದಾದ ಹತ್ತಾರು ಸಾವಿರ ಬೀಜಗಳನ್ನು ಉದುರಿಸಬಲ್ಲದು. ಅವು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಮಣ್ಣಿನಲ್ಲಿ ಜೀವ ಹಿಡಿದಿರಬಲ್ಲವು.

ಈ ಬೀಜಗಳು ಮೊಳೆಯಬೇಕಾದರೆ ಸಮೀಪದ ಬೇರೊಂದರಿಂದ ಒಸರುವ ರಾಸಾಯನಿಕದ ಸೂಚನೆ ಬೇಕು. ಅಂತಹ ವಸ್ತುವನ್ನು 1966ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಥಮವಾಗಿ ಬೇರ್ಪಡಿಸಿದ್ದು ಹತ್ತಿಯ ಬೇರಿನಿಂದ. ವಿಚಿತ್ರವೆಂದರೆ, ಹತ್ತಿಯ ಮೇಲೆ ಸ್ಟ್ರೈಗಾ ಬದುಕಲಾರದು. ಹತ್ತಿಯ ಕರೆಯನ್ನು ನಂಬಿ ಮೊಳೆತ ಬೀಜವು ಆಹಾರವಿಲ್ಲದೆ ಸಾಯುತ್ತದೆ. ಶೇಂಗಾ, ಅಲಸಂದೆಗಳೂ ಹೀಗೆಯೇ ಮೋಸಗೊಳಿಸುತ್ತವೆ. ಜೋಳದ ಮರುವರ್ಷ ಹತ್ತಿಯನ್ನು ಬಿತ್ತುತ್ತಿದ್ದ ನಮ್ಮ ತಂದೆಯವರು ಈ ರಸಾಯನಶಾಸ್ತ್ರವನ್ನು ಓದಿದವರಲ್ಲ. ಆದರೆ ಅವರ ಕಾಲದಲ್ಲಿ ಆ ಹೊಲದಲ್ಲಿ ಈ ಹೂವನ್ನು ನಾನು ಕಂಡ ನೆನಪಿಲ್ಲ.

ಇನ್ನು ಗೊಬ್ಬರದ ಪಾತ್ರ. ಬೇರುಗಳು ಈ ವಸ್ತುವನ್ನು ಸ್ರವಿಸುವುದು ಶತ್ರುವಿಗಾಗಿ ಅಲ್ಲ. ಮಣ್ಣಿನಿಂದ ರಂಜಕವನ್ನು ಒದಗಿಸುವ ಮಿತ್ರ ಶಿಲೀಂಧ್ರಗಳಿಗೆ ಅದು ಆಹ್ವಾನವೆಂದು 2005ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ನೆಲದಲ್ಲಿ ರಂಜಕ, ಸಾರಜನಕಗಳು ಕಡಿಮೆಯಾದಷ್ಟೂ ಜೋಳದ ಬೇರು ಹೆಚ್ಚು ಕೂಗುತ್ತದೆ. ಆ ಕೂಗು ಸ್ಟ್ರೈಗಾದ ಕಿವಿಗೂ ಬೀಳುತ್ತದೆ. ಆದುದರಿಂದಲೇ ಬಡವಾದ ನೆಲದಲ್ಲಿ ಈ ಕಳೆಯ ಹಾವಳಿ ಅಧಿಕ. ತಕ್ಕ ಗೊಬ್ಬರ ಕಂಡ ನೆಲದಲ್ಲಿ ಕಡಿಮೆ. ಆದರೆ ಗೊಬ್ಬರವನ್ನು ಕಂಡಲ್ಲೆಲ್ಲ ಎರಚಿದರೆ ಇತರ ಕಳೆಗಳೂ ಕೊಬ್ಬುತ್ತವೆ; ಅದು ಬೆಳೆಯ ಸಾಲಿಗೇ ಸೇರಬೇಕು. ಚೆನ್ನಾಗಿ ಕಳಿಯದ ತಿಪ್ಪೆಗೊಬ್ಬರವು ಕಳೆಯ ಬೀಜಗಳನ್ನೂ ಹೊತ್ತು ತರುತ್ತದೆ.

ನಾನು ಬಂಧುವನ್ನು ಆಕ್ಷೇಪಿಸಲು ಹೊರಟೆನು. ಅವರು ಶಾಂತವಾಗಿ, "ವರ್ಷ ವರ್ಷಕ್ಕೆ ಕರಾರು. ಮುಂದಿನ ವರ್ಷ ಹೊಲ ಯಾರ ಕೈಗೋ, ಗೊಬ್ಬರ ಯಾರು ಹಾಕ್ತಾರ? ನಿಮಗೂ ಜೋಳದ ಪಾಲೇ ಬೇಕಾಗಿತ್ತಲ್ಲ" ಎಂದರು. ನಾನು ನಿರುತ್ತರನಾದೆನು. ಬ್ಯಾಂಕಿನಲ್ಲಿ ಬೆಳೆಸಾಲದ ಅರ್ಜಿದಾರರನ್ನು ನೂರು ಪ್ರಶ್ನೆ ಕೇಳುವ ನಾನು, ಏಳು ವರ್ಷ ಒಂದೇ ಬೆಳೆ ತೆಗೆದು ಏನನ್ನೂ ಹಿಂದಿರುಗಿಸದ ನನ್ನ ಹೊಲದ ಲೆಕ್ಕವನ್ನು ಒಮ್ಮೆಯೂ ನೋಡಿರಲಿಲ್ಲ.

ಈಗ ಕರಾರು ಐದು ವರ್ಷದ್ದು. ಗೊಬ್ಬರದ ಅರ್ಧ ವೆಚ್ಚ ನನ್ನದು. ಕಳೆದ ವರ್ಷ ಹತ್ತಿ, ಈ ವರ್ಷ ಶೇಂಗಾ. ಮತ್ತೆ ಜೋಳ ಬಿತ್ತಿದಾಗ ಅಲ್ಲೊಂದು ಇಲ್ಲೊಂದು ಗಿಡ ಕಂಡರೂ ಹೂ ಬಿಡುವ ಮೊದಲೇ ಕಿತ್ತು ಹಾಕಬೇಕು. ಹಳೆಯ ಬೀಜಗಳು ಒಂದೆರಡು ವರ್ಷಗಳಲ್ಲಿ ತೀರುವಂಥವಲ್ಲ.

ಊರಿನಲ್ಲಿ ಹೊಲವುಳ್ಳ ವಾಚಕರು ಮುಂದಿನ ಸಲ ಪಾಲಿನ ಚೀಲಗಳನ್ನು ಎಣಿಸುವ ಮೊದಲು ಎರಡು ಮಾತು ಕೇಳಲಿ: ಹೋದ ವರ್ಷ ಅಲ್ಲಿ ಏನು ಬೆಳೆದಿತ್ತು? ಈ ವರ್ಷ ನೆಲಕ್ಕೆ ಏನು ಕೊಟ್ಟೆವು?