ಮೂಡಬಿದಿರೆಯ ಧವಳಾ
ಮೂಡಬಿದಿರೆಯ ಧವಳಾ ಗ್ರಂಥದ ತಾಳೆಯೋಲೆಗಳ ಕಥೆ ಮೊದಲಾಗುವುದು ಗಿರಿನಾರಿನ ಗುಹೆಯೊಂದರಲ್ಲಿ. ಅಲ್ಲಿ ತಪೋನಿರತರಾಗಿದ್ದ ಧರಸೇನಾಚಾರ್ಯರು, ಕಂಠಸ್ಥವಾಗಿ ಬಂದ ಆಗಮಜ್ಞಾನವು ತಮ್ಮೊಡನೆಯೇ ಲುಪ್ತವಾದೀತೆಂಬ ಕಳವಳದಿಂದ ದಕ್ಷಿಣದ ಮುನಿಸಂಘಕ್ಕೆ ಓಲೆಯನ್ನು ಕಳುಹಿ, ತಮ್ಮೆಡೆಗೆ ಬಂದ ಪುಷ್ಪದಂತ, ಭೂತಬಲಿಗಳೆಂಬ ಯತಿಗಳಿಗೆ ಅದನ್ನು ಧಾರೆಯೆರೆದರೆಂದು ದಿಗಂಬರ ಪರಂಪರೆ ಹೇಳುತ್ತದೆ. ಆ ಶಿಷ್ಯರು ರಚಿಸಿದ್ದೇ ಜೀವಕರ್ಮಗಳ ಸಂಬಂಧವನ್ನು ವಿವೇಚಿಸುವ ಷಟ್‌ಖಂಡಾಗಮ. ಶಾಸ್ತ್ರವನ್ನು ಹೀಗೆ ಕಾಪಾಡಿದ ಈ ಪರಂಪರೆಯಲ್ಲಿ, ವಸ್ತ್ರವನ್ನೂ ತ್ಯಜಿಸಿದ ಮುನಿಯು ನವಿಲುಗರಿಯ ಪಿಂಛ, ಕಮಂಡಲುಗಳೊಡನೆ ಶಾಸ್ತ್ರವನ್ನು ಮಾತ್ರ ತನ್ನ ಬಳಿ ಇರಿಸಿಕೊಳ್ಳಬಹುದೆಂಬ ನಿಯಮವು ನನಗೆ ಅತ್ಯಂತ ಪೂಜ್ಯವಾಗಿ ತೋರುತ್ತದೆ. ವೀರಸೇನಾಚಾರ್ಯರು ಈ ಆಗಮಕ್ಕೆ ಬರೆದ ಧವಳಾ ಟೀಕೆಯು, ಪ್ರಾಕೃತ ಸಂಸ್ಕೃತಗಳಲ್ಲಿದ್ದರೂ ಕನ್ನಡ ಲಿಪಿಯ ಓಲೆಗಳಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯೊಳಗೆ ಶತಮಾನಗಳ ಕಾಲ ರಕ್ಷಿತವಾಗಿದ್ದು, 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 16 ಸಂಪುಟಗಳಾಗಿ ಮುದ್ರಣಗೊಂಡಿತು.