ಹಳೇ ಯೆಜ್ಡಿ: ಕಿಕ್ ಹೊಡೆಯುವ ಮುನ್ನ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಯೆಜ್ಡಿ ನಿಮ್ಮ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿದ್ದರೆ ಗುಜರಿಗೆ ಹಾಕಬೇಡಿ. ಟೂ ಸ್ಟ್ರೋಕ್ ಎಂಜಿನ್, ವಾಲ್ವಿನ ರಗಳೆ ಇಲ್ಲ. ಕಳೆ ಕೊಚ್ಚುವ ಯಂತ್ರ ಬಿಚ್ಚಿ ಗೊತ್ತಿದ್ದವರಿಗೆ ಇದೇನು ಮಹಾ!

ಪಿಸ್ಟನ್ ಹಿಡಿದಿದ್ದರೆ ಕಿಕ್ಕರ್ ಮೇಲೆ ಬಲ ತೋರಿಸಬಾರದು. ಇದರಲ್ಲಿ ಕಿಕ್ಕರ್, ಗೇರ್ ಲಿವರ್ ಎರಡೂ ಒಂದೇ. ಒಳಗಿನ ಹಲ್ಲು ಹೋದರೆ ತಲೆನೋವು. ಪ್ಲಗ್ ತೆಗೆದು ಸ್ವಲ್ಪ ಡೀಸೆಲ್ ಹೊಯ್ದು ಎರಡು ದಿನ ಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಬಿಟ್ಟುಕೊಂಡ ಮೇಲೆ, ಪ್ಲಗ್ ಇಲ್ಲದೆಯೇ ಕಿಕ್ ಮಾಡಿ ಡೀಸೆಲ್ ಹೊರಹಾಕಿ.

ಸೈಲೆನ್ಸರಿನ ಕರಿ ಕೆರೆಯಿರಿ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ. ಹಳೇ ಭಾಗ ಕೈಯಲ್ಲೇ ಇರಲಿ. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂ-ಟಿ ಆಯಿಲ್ ಬೆರೆಸಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಹಳೇ ರಬ್ಬರ್ ಪೈಪು ಮೆತ್ತಗಾಗಿ ಸೋರೀತು, ಮೊದಲೇ ಬದಲಿಸಿ.